ಆ ಫೋಟೋ ಮಾತ್ರ ಹಾಕೋದಿಲ್ಲ

1/7

ಈ ಸಲದ ಸರಣಿಯಲ್ಲಿ ಏಳು ಪೋಸ್ಟ್ ಇವೆ. ನೀವು ಪಿಂಕ್ ಫ್ಲಾಯ್ಡ್ ಅಭಿಮಾನಿ ಆಗಿದ್ರೆ ಒಂದು ಫೋಟೋನ ಖಂಡಿತ ಹುಡುಕ್ತೀರಿ. ಅದು ಇಲ್ಲಿ ಸಿಗೋದಿಲ್ಲ. ಯಾಕೆ ಸಿಗೋದಿಲ್ಲ ಅನ್ನೋದೇ ಈ ಬರಹ.

ಮೊದಲ ಚಿತ್ರ ನೋಡಿ. ಕಪ್ಪು ಪ್ಲಾಸ್ಟಿಕ್ ಸುತ್ತಿದ ಒಂದು ಚೌಕ, ಅಷ್ಟೇ. 1975ರ ಸೆಪ್ಟೆಂಬರ್‌ನಲ್ಲಿ 'ವಿಶ್ ಯೂ ವರ್ ಹಿಯರ್' ಆಲ್ಬಂ ಅಂಗಡಿಗೆ ಬಂದದ್ದು ಹೀಗೆ. ಮೇಲೊಂದು ಸ್ಟಿಕ್ಕರ್, ಅದರಲ್ಲಿ ಎರಡು ಯಂತ್ರದ ಕೈಗಳು ಕೈಕುಲುಕ್ತಿವೆ. ಒಳಗಿರೋ ಮುಖಪುಟ ಕಾಣಬೇಕಂದ್ರೆ ದುಡ್ಡು ಕೊಟ್ಟು ತಂದು ಪ್ಲಾಸ್ಟಿಕ್ ಹರೀಬೇಕು. 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಗೆದ್ದ ಮೇಲೆ ಬಂದ ಆಲ್ಬಂ ಇದು. ಇಡೀ ಜಗತ್ತು ಕಾಯ್ತಿದ್ದಾಗ ಮುಖಪುಟವನ್ನೇ ಮುಚ್ಚಿಟ್ಟು ಮಾರೋ ಧೈರ್ಯ ಬೇಕಲ್ಲ!

ಆದರೆ ಅದು ಬರೀ ಗಿಮಿಕ್ ಆಗಿರಲಿಲ್ಲ. ಈ ಆಲ್ಬಂ ಇರೋದೇ 'ಇಲ್ಲದಿರುವಿಕೆ'ಯ ಬಗ್ಗೆ. ಇರಬೇಕಾದವರು ಇಲ್ಲ, ಇದ್ದವರೂ ಮನಸ್ಸಿನಿಂದ ಇಲ್ಲಿಲ್ಲ. ಹಾಗಾಗಿ ಮುಖಪುಟವೂ ಇಲ್ಲ.

2/7

ಪ್ಲಾಸ್ಟಿಕ್ ಹರಿದರೆ ಸಿಗೋದು ಈ ಚಿತ್ರ. ಇಬ್ಬರು ಸೂಟುಧಾರಿಗಳು ಕೈಕುಲುಕ್ತಿದ್ದಾರೆ, ಅದರಲ್ಲೊಬ್ಬರ ಮೈಗೆ ಬೆಂಕಿ ಹತ್ತಿಕೊಂಡಿದೆ. ವಿನ್ಯಾಸ ಹಿಪ್ನಾಸಿಸ್ ಎಂಬ ತಂಡದ್ದು. ಅದರ ಸ್ಟಾರ್ಮ್ ಥಾರ್ಗರ್ಸನ್ ಈ ಹುಡುಗರ ಕೇಂಬ್ರಿಡ್ಜ್ ಕಾಲದ ಗೆಳೆಯ.

ಫೋಟೋಶಾಪ್ ಇಲ್ಲದ ಕಾಲ. ಕ್ಯಾಲಿಫೋರ್ನಿಯಾದ ಒಂದು ಸಿನಿಮಾ ಸ್ಟುಡಿಯೊ ಆವರಣದಲ್ಲಿ ಸ್ಟಂಟ್ ಕಲಾವಿದ ರಾನಿ ರಾಂಡೆಲ್‌ಗೆ ನಿಜವಾಗ್ಲೂ ಬೆಂಕಿ ಹಚ್ಚಿ ತೆಗೆದ ಚಿತ್ರ ಇದು. ಗಾಳಿ ದಿಕ್ಕು ತಪ್ಪಿ ಬೆಂಕಿ ಮುಖದ ಕಡೆ ತಿರುಗಿ, ಅವರ ಮೀಸೆ ಸುಟ್ಟುಹೋಯ್ತು. ಒಂದು ಒಳ್ಳೇ ಫೋಟೋಗೆ ಒಬ್ಬರ ಮೈ ಸುಡಬೇಕಾಯ್ತು ಅನ್ನೋದನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ. ಮುಂದೆ ಬೇಕಾಗುತ್ತೆ.

ಚಿತ್ರದ ಅರ್ಥ ಸರಳ. ವ್ಯವಹಾರದ ಕೈಕುಲುಕಿನಲ್ಲಿ ಒಬ್ಬ ಉರೀತಿದ್ದಾನೆ, ಇನ್ನೊಬ್ಬ ಅದನ್ನ ನೋಡಿಯೂ ನೋಡದ ಹಾಗೆ ನಿಂತಿದ್ದಾನೆ. ಆಲ್ಬಮ್ಮಿನ ನಡುವಿನ ಎರಡು ಹಾಡು ಹೇಳೋದೂ ಇದನ್ನೇ. 'ವೆಲ್‌ಕಮ್ ಟು ದ ಮಷೀನ್' ಒಬ್ಬ ಹುಡುಗನನ್ನ ನುಂಗೋ ಯಂತ್ರದ ಕತೆ. 'ಹ್ಯಾವ್ ಎ ಸಿಗಾರ್'ನಲ್ಲಿ ಕಂಪನಿಯ ದೊಡ್ಡ ಮನುಷ್ಯನೊಬ್ಬ ಹೊಗಳಿ ಹೊಗಳಿ ಅಟ್ಟಕ್ಕೇರಿಸ್ತಾನೆ, ಆದರೆ ಪಿಂಕ್ ಅನ್ನೋದು ಯಾರ ಹೆಸರೂ ಅಲ್ಲ ಅನ್ನೋದೂ ಅವನಿಗೆ ಗೊತ್ತಿಲ್ಲ. ಆ ಹಾಡನ್ನ ಹಾಡಿದ್ದು ಬ್ಯಾಂಡಿನವರಲ್ಲ, ಹೊರಗಿನ ರಾಯ್ ಹಾರ್ಪರ್. ತಮ್ಮದೇ ಹಾಡಿನಲ್ಲಿ ತಾವೇ ಗೈರು!

3/7

ಈಗ ಹೆಡ್‌ಫೋನ್ ಹಾಕ್ಕೊಳ್ಳಿ. ಇದು ಮೂರನೇ ಚಿತ್ರ: ಐದೇ ಹಾಡಿರೋ ಹಿಂಬದಿಯ ಪಟ್ಟಿ. ಒಟ್ಟು ಸುಮಾರು 44 ನಿಮಿಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಹಾಡು, 'ಶೈನ್ ಆನ್ ಯೂ ಕ್ರೇಜಿ ಡೈಮಂಡ್'. ಅದನ್ನ ಎರಡು ತುಂಡು ಮಾಡಿ, ಒಂದನ್ನ ಆಲ್ಬಮ್ಮಿನ ಬಾಗಿಲಲ್ಲಿ, ಇನ್ನೊಂದನ್ನ ಹಿತ್ತಿಲಲ್ಲಿ ಇಟ್ಟಿದ್ದಾರೆ.

ಶುರುವಿನಲ್ಲಿ ಮಂಜಿನಂತೆ ಹಬ್ಬೋ ನಾದ ಇದೆಯಲ್ಲ, ಅದರಲ್ಲಿ ವೈನ್ ಗ್ಲಾಸುಗಳ ದನಿ ಸೇರಿದೆ. ಒದ್ದೆ ಬೆರಳಲ್ಲಿ ಗ್ಲಾಸಿನ ಅಂಚು ಉಜ್ಜಿದರೆ ಹುಟ್ಟೋ ದನಿ. ವಾದ್ಯಗಳನ್ನೇ ಬಿಟ್ಟು ಮನೆಬಳಕೆಯ ಸಾಮಾನಿನಿಂದ ಒಂದು ಆಲ್ಬಂ ಮಾಡ್ಬೇಕು ಅಂತ ಹೊರಟು ಕೈಬಿಟ್ಟಿದ್ರು. ಅದರಲ್ಲಿ ಉಳಿದದ್ದು ಇದು. ಆಮೇಲೆ ಗಿಲ್ಮೋರ್ ಗಿಟಾರಿನಿಂದ ನಾಲ್ಕೇ ಸ್ವರ. ಬಿಡಿಬಿಡಿಯಾಗಿ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾದ ಹಾಗೆ. ಹಾಡುಗಾರನ ದನಿ ಬರೋದು ಎಂಟು ನಿಮಿಷ ದಾಟಿದ ಮೇಲೆ. ಮೂವತ್ತು ಸೆಕೆಂಡಿನ ರೀಲ್ಸ್ ಕಾಲದಲ್ಲಿ ಕೂತಿರೋ ನಮಗೆ ಇದೇ ಒಂದು ತಪಸ್ಸು. ಆದರೆ ಆಲಾಪದಲ್ಲಿ ರಾಗ ಬಿಚ್ಚಿಕೊಳ್ಳೋ ತನಕ ಕಾಯೋ ಕಿವಿ ಇರೋರಿಗೆ ಇದೇನು ಕಷ್ಟ ಅಲ್ಲ.

ಶೀರ್ಷಿಕೆ ಹಾಡು ಶುರುವಾಗೋದು ಒಂದು ರೇಡಿಯೊ ಸ್ಟೇಷನ್ ಹುಡುಕೋ ಸದ್ದಿನಿಂದ. ಅದರೊಳಗೆ ಕ್ಷಣಕಾಲ ಚೈಕೋವ್‌ಸ್ಕಿಯ ನಾಲ್ಕನೇ ಸಿಂಫನಿ ಸುಳಿದು ಹೋಗುತ್ತೆ. ಆಮೇಲೆ ದೂರದ ರೇಡಿಯೊದಲ್ಲಿ ಬಂದ ಹಾಗೆ ಒಂದು ಗಿಟಾರ್. ಅದರ ಜತೆಗೆ ಇಲ್ಲೇ ಪಕ್ಕದಲ್ಲಿ ಕೂತು ನುಡಿಸಿದ ಹಾಗೆ ಇನ್ನೊಂದು. ಒಬ್ಬ ಇಲ್ಲಿ, ಇನ್ನೊಬ್ಬ ಎಲ್ಲೋ. ಮಾತೇ ಇಲ್ಲದೆ ವಿಷಯ ಹೇಳಿಬಿಟ್ರು. ಗಿಲ್ಮೋರ್, ರಿಚರ್ಡ್ ರೈಟ್ ಇಬ್ಬರೂ ಫ್ಲಾಯ್ಡ್ ಆಲ್ಬಮ್ಮುಗಳಲ್ಲಿ ತಮಗೆ ತುಂಬಾ ಇಷ್ಟವಾದದ್ದು ಇದೇ ಅಂದಿದ್ದಾರೆ. ನನಗದು ಆಶ್ಚರ್ಯ ಅನ್ನಿಸೋದಿಲ್ಲ.

4/7

ನಾಲ್ಕನೇ ಚಿತ್ರ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊ. ಅಭಿಮಾನಿಗಳೆಲ್ಲ ಎದೆ ಬಡಿದುಕೊಂಡು ಹೇಳೋ ಕತೆ ನಡೆದದ್ದು ಇಲ್ಲಿ.

ಸಿಡ್ ಬ್ಯಾರೆಟ್. ಹುಟ್ಟು ಹೆಸರು ರೋಜರ್ ಕೀತ್ ಬ್ಯಾರೆಟ್, ಊರು ಕೇಂಬ್ರಿಡ್ಜ್. ಪಿಂಕ್ ಫ್ಲಾಯ್ಡ್ ಅಂತ ಹೆಸರಿಟ್ಟವರು ಅವರೇ, ಇಬ್ಬರು ಬ್ಲೂಸ್ ಕಲಾವಿದರ ಹೆಸರು ಜೋಡಿಸಿ. 1967ರ ಮೊದಲ ಆಲ್ಬಮ್ಮಿನ ಬಹುಪಾಲು ಹಾಡು ಅವರದ್ದೇ. ಆಗ ವಯಸ್ಸು 21. ಮರುವರ್ಷವೇ ಬ್ಯಾಂಡಿನಿಂದ ಹೊರಗೆ. ಎಲ್‌ಎಸ್‌ಡಿ, ಪ್ರಚಾರದ ಒತ್ತಡ, ಮನಸ್ಸಿನ ಸಂಕಟ. ಯಾವುದು ಎಷ್ಟು ಕಾರಣ ಅಂತ ಜತೆಗಿದ್ದವರಲ್ಲೇ ಒಮ್ಮತ ಇಲ್ಲ. 1970ರಲ್ಲಿ ಒಂಟಿಯಾಗಿ ಎರಡು ಆಲ್ಬಂ ತಂದರು. ಆಮೇಲೆ ಮೆಲ್ಲಗೆ ಸಂಗೀತದಿಂದಲೇ ಸರಿದರು.

'ಶೈನ್ ಆನ್' ಅವರನ್ನ ನೆನೆದು ಬರೆದ ಹಾಡು. 1975ರ ಜೂನ್‌ನಲ್ಲಿ ಒಂದು ದಿನ, ಆ ಹಾಡಿನ ಕೆಲಸವೇ ನಡೀತಿದ್ದಾಗ, ಸ್ಟುಡಿಯೊಗೆ ಒಬ್ಬ ದಪ್ಪನೆ ಮನುಷ್ಯ ಬಂದು ನಿಂತರು. ತಲೆ, ಹುಬ್ಬು ಎರಡೂ ಬೋಳು. ಯಾರೋ ಸಿಬ್ಬಂದಿ ಇರಬೇಕು ಅಂದ್ಕೊಂಡ್ರು. ಸುಮಾರು ಹೊತ್ತಿನ ಮೇಲೆ ಗೊತ್ತಾಯ್ತು: ಸಿಡ್. ವಾಟರ್ಸ್ ಕಣ್ಣಲ್ಲಿ ನೀರು ಬಂತು. ಶಾಲೆಯಿಂದ ಗೊತ್ತಿದ್ದವನನ್ನ ಗುರುತು ಹಿಡೀಲಿಲ್ಲವಲ್ಲ.

ಅವತ್ತು ತೆಗೆದ ಫೋಟೋ ಒಂದಿದೆ. ಡ್ರಮ್ಮರ್ ನಿಕ್ ಮೇಸನ್ ತಮ್ಮ ಪುಸ್ತಕ 'ಇನ್‌ಸೈಡ್ ಔಟ್'ನಲ್ಲೂ ಹಾಕಿದ್ದಾರೆ. ನಾನು ಹೇಳ್ತಿರೋ ಫೋಟೋ ಅದೇ.

5/7

ಈ ಚೌಕ ಖಾಲಿ ಬಿಟ್ಟಿದ್ದೀನಿ. ಆ ಫೋಟೋ ಇಲ್ಲಿ ಬರಬೇಕಿತ್ತು.

ನೀವು ಅದನ್ನ ನೋಡಿರ್ತೀರಿ. ಎಡಗಡೆ 1967ರ ಸಿಡ್: ಕಾಡಿಗೆ ಹಚ್ಚಿದಂಥ ಕಣ್ಣು, ಗುಂಗುರು ಕೂದಲು. ಬಲಗಡೆ 1975ರ ಸಿಡ್. ಕೆಳಗೊಂದು ಅಳೋ ಇಮೋಜಿ, ಇಲ್ಲಾಂದ್ರೆ 'ಆಗ–ಈಗ' ಅಂತ ಒಂದು ಸಾಲು. ಆಲ್ಬಮ್ಮಿನ ಹುಟ್ಟುಹಬ್ಬ ಬಂದಾಗ, ಜೂನ್ ಬಂದಾಗ, ಅವರು ತೀರಿಕೊಂಡ ಜುಲೈ 7 ಬಂದಾಗ ಮತ್ತೆ ಮತ್ತೆ ಓಡಾಡುತ್ತೆ. ಲೈಕೂ ಬೀಳುತ್ತೆ. ಪ್ರೀತಿಯಿಂದಲೇ ಹಾಕ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ.

ಆದರೂ ಹಾಕಬಾರದು ಅಂತ ನನ್ನ ಅಭಿಪ್ರಾಯ. ಕಾರಣ ಹೇಳ್ತೀನಿ.

ಆ ಜೋಡಿಚಿತ್ರ ಏನು ಹೇಳುತ್ತೆ? ಚೆಂದ ಇದ್ದವನು ಹೀಗಾಗಿಬಿಟ್ಟ ಅಂತ. ಅಂದ್ರೆ ಒಬ್ಬ ಮನುಷ್ಯನ ಮೈ ದಪ್ಪಗಾದದ್ದು, ಕೂದಲು ತೆಗೆದದ್ದೇ ದುರಂತದ ಪುರಾವೆ. ಬಲಗಡೆಯ ಚಿತ್ರದಲ್ಲಿರೋರು ಆಗ 29ರ ಯುವಕ. ಹಳೇ ಗೆಳೆಯರನ್ನ ನೋಡೋಕೆ ಬಂದವರು. ನಾವು ಅವರನ್ನ ಅತಿಥಿ ಅಂತ ನೋಡೋದೇ ಇಲ್ಲ, ಒಂದು ಅವಶೇಷ ಅಂತ ನೋಡ್ತೀವಿ. ನಿಮ್ಮ ಮನೇಲಿ ಯಾರಾದ್ರೂ ಮನಸ್ಸಿನ ಕಾಯಿಲೆಯಲ್ಲಿ ನರಳ್ತಿದ್ದಾಗ ತೆಗೆದ ಫೋಟೋ ಇದ್ದರೆ, ಮದುವೆ ಆಲ್ಬಮ್ಮಿನ ಚಿತ್ರದ ಪಕ್ಕ ಇಟ್ಟು ಊರಿಗೆಲ್ಲ ಹಂಚ್ತೀರಾ?

'ಬ್ಯಾಂಡಿನವರೇ ಪುಸ್ತಕದಲ್ಲಿ ಹಾಕಿದ್ದಾರಲ್ಲ' ಅಂತೀರಿ. ನ್ಯಾಯವಾದ ಮಾತು. ಆದರೆ ಪುಸ್ತಕದಲ್ಲಿ ಅದರ ಸುತ್ತ ನೂರಾರು ಪುಟ ಇದೆ. ಬರೆದವರು ಅವರ ಜತೆ ವೇದಿಕೆ ಹಂಚಿಕೊಂಡ ಗೆಳೆಯ. ನಮ್ಮ ಫೀಡಿನಲ್ಲಿ ಅದರ ಸುತ್ತ ಏನಿದೆ? ಮೇಲೊಂದು ಬಿರಿಯಾನಿ ರೀಲ್, ಕೆಳಗೊಂದು ಇಯರ್‌ಬಡ್ಸ್ ಜಾಹೀರಾತು.

'ಇದು ಇತಿಹಾಸ, ಮುಚ್ಚಿಡೋದು ತಪ್ಪು' ಅನ್ನೋರೂ ಇದ್ದಾರೆ. ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. ಮೇಲಿನ ಪೋಸ್ಟಿನಲ್ಲಿ ಅವತ್ತಿನ ಕತೆ ಪೂರ್ತಿ ಹೇಳಿದೆ. ಕತೆಗೆ ಆ ಫೋಟೋ ಬೇಕಾಯ್ತಾ, ನೀವೇ ಹೇಳಿ.

6/7

ಆರನೇ ಚಿತ್ರ ಕೇಂಬ್ರಿಡ್ಜ್‌ನ ಒಂದು ರಸ್ತೆ. ಯಾವ ರಸ್ತೆ ಅಂತ ಬರೆಯಲ್ಲ. ಅವರ ಮನೆ ಇದ್ದ ರಸ್ತೆ ಇದಲ್ಲ.

ಸಿಡ್ ಊರಿಗೆ ಮರಳಿ ಮತ್ತೆ ರೋಜರ್ ಆದರು. ಚಿತ್ರ ಬರೆದರು, ತೋಟ ಮಾಡಿದರು, ಸೈಕಲ್ಲಿನಲ್ಲಿ ಅಂಗಡಿಗೆ ಹೋಗಿ ಬಂದರು. ತನ್ನ ಪಾಡಿಗೆ ಬಿಟ್ಟರೆ ಸಾಕು ಅಂತಿದ್ದ ಮನುಷ್ಯ. ಆದರೆ ಬಾಗಿಲು ಬಡಿಯೋರು ನಿಲ್ಲಲಿಲ್ಲ. ಪತ್ರಕರ್ತರು ಬಂದರು, ಅಭಿಮಾನಿಗಳು ಬಂದರು, ಮರೆಯಲ್ಲಿ ನಿಂತು ಕ್ಯಾಮೆರಾ ಹಿಡಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ! 'ನೀನಿಲ್ಲಿ ಇರಬೇಕಿತ್ತು' ಅಂತ ಹಂಬಲಿಸೋ ಆಲ್ಬಮ್ಮನ್ನ ಎದೆಗಪ್ಪಿಕೊಂಡವರೇ, ಅವರು ಇದ್ದ ಜಾಗದಲ್ಲಿ ಅವರನ್ನ ನೆಮ್ಮದಿಯಾಗಿ ಇರೋಕೆ ಬಿಡಲಿಲ್ಲ. ಎರಡನೇ ಚಿತ್ರದ ಬೆಂಕಿ ನೆನಪಿದೆಯಾ? ಕೈಕುಲುಕೋಕೆ ನಿಂತಿದ್ದು ಬರೀ ಕಂಪನಿಯವರಲ್ಲ. ನಾವೂ ಕ್ಯೂನಲ್ಲಿದ್ವಿ.

2006ರ ಜುಲೈ 7ರಂದು ತೀರಿಕೊಂಡರು, 60 ವರ್ಷಕ್ಕೆ. ಅದೇ ನವೆಂಬರ್‌ನಲ್ಲಿ ಮನೆಯ ಸಾಮಾನು ಹರಾಜಾಯ್ತು. ಚಿತ್ರಗಳು, ಸೈಕಲ್, ಕೈಯಾರೆ ಮಾಡಿಕೊಂಡ ಮರದ ಸಾಮಾನು ಎಲ್ಲ ಸೇರಿ ಸುಮಾರು 1,20,000 ಪೌಂಡ್. ಪ್ರೀತಿಯೇ. ಆದರೆ ಎಂಥ ಪ್ರೀತಿ?

ಇನ್ನೊಂದು ಥರದ ಅಭಿಮಾನಿಯ ಕತೆಯೂ ಕೇಳಿ. ಮೈಕ್ ಮಿಲಾರ್ಡ್ ಅಂತ ಒಬ್ಬರು ಅಮೆರಿಕದಲ್ಲಿ ಕದ್ದುಮುಚ್ಚಿ ಕಛೇರಿಗಳನ್ನ ರೆಕಾರ್ಡ್ ಮಾಡ್ತಿದ್ರು. 1975ರ ಏಪ್ರಿಲ್ 26ರಂದು ಲಾಸ್ ಏಂಜಲೀಸ್‌ನಲ್ಲಿ ಫ್ಲಾಯ್ಡ್ ನುಡಿಸಿದಾಗ ಅವರ ಟೇಪು ಓಡ್ತಿತ್ತು. ಆಲ್ಬಂ ಇನ್ನೂ ಬಂದಿರಲಿಲ್ಲ, 'ಶೈನ್ ಆನ್' ಆಗಿನ್ನೂ ವೇದಿಕೆಯ ಮೇಲೆ ಬೆಳೀತಿತ್ತು. ಅಭಿಮಾನಿಗಳು ದಶಕಗಳ ಕಾಲ ಆ ಟೇಪನ್ನ ಕೈಯಿಂದ ಕೈಗೆ ದಾಟಿಸಿ ಕಾಪಾಡಿದರು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಬಂದ ಐವತ್ತನೇ ವರ್ಷದ ಆವೃತ್ತಿಯಲ್ಲಿ ಬ್ಯಾಂಡೇ ಅದನ್ನ ಅಧಿಕೃತವಾಗಿ ಸೇರಿಸಿತು. ಅದು ಕಾನೂನಿಗೆ ಹೊಂದೋ ಕೆಲಸ ಆಗಿರಲಿಲ್ಲ, ಒಪ್ತೀನಿ. ಆದರೆ ಆ ಪ್ರೀತಿ ಹಿಂಬಾಲಿಸಿದ್ದು ಹಾಡನ್ನ, ಮನುಷ್ಯನ ಮನೆಯನ್ನಲ್ಲ.

7/7

ಕೊನೇ ಚಿತ್ರ ಬೆಂಗಳೂರಿನ ಅರಮನೆ ಮೈದಾನ. 2002ರ ಏಪ್ರಿಲ್‌ನಲ್ಲಿ ರೋಜರ್ ವಾಟರ್ಸ್ ಇಲ್ಲಿ ಬಂದು ನುಡಿಸಿದ್ರು. 'ಶೈನ್ ಆನ್' ಇಲ್ಲಿನ ಗಾಳಿಯಲ್ಲೂ ಕೇಳಿದೆ, ಹಾಗಾಗಿ ಈ ಮಾತು ನಮಗೂ ಸಂಬಂಧಪಟ್ಟದ್ದು.

ನಮ್ಮಲ್ಲಿ ಅಭಿಮಾನಿಗಳನ್ನ ದೇವರು ಅಂತ ಕರೆದವರು ಡಾ. ರಾಜ್‌ಕುಮಾರ್. ಎಷ್ಟು ದೊಡ್ಡ ಮಾತು! ಆದರೆ ದೇವರು ಅನ್ನಿಸಿಕೊಂಡವರಿಗೆ ಒಂದು ಜವಾಬ್ದಾರಿಯೂ ಇರುತ್ತೆ. ದೇವರು ಭಕ್ತನ ಮನೆ ಕಿಟಕಿಯಲ್ಲಿ ಇಣುಕಬಾರದು. ಭಕ್ತ ಸೋತು ಕೂತಾಗ ಫೋಟೋ ತೆಗೆದು ತೋರಿಸಬಾರದು.

ಹಾಗಾದ್ರೆ ನೆನಪಿಸಿಕೊಳ್ಳೋದು ಹೇಗೆ? ಆಲ್ಬಮ್ಮೇ ಹೇಳಿಕೊಡುತ್ತೆ. 'ಶೈನ್ ಆನ್' ಸಾಹಿತ್ಯದಲ್ಲಿ ಸಿಡ್ ಅನ್ನೋ ಹೆಸರೇ ಇಲ್ಲ, ಹುಡುಕಿ ನೋಡಿ. ಮುಖಪುಟದಲ್ಲಿ ಅವರ ಮುಖ ಇಲ್ಲ. ಕಟ್ಟಕಡೆಯ ಭಾಗಕ್ಕೆ ಬನ್ನಿ. ಹಾಡು ಮುಗೀತಾ ಬಂದು, ಎಲ್ಲ ಕರಗ್ತಿರುವಾಗ, ರಿಚರ್ಡ್ ರೈಟ್ ಕೀಬೋರ್ಡಿನಲ್ಲಿ ಒಂದು ಸಣ್ಣ ಎಳೆ ನುಡಿಸ್ತಾರೆ. ಅದು 'ಸೀ ಎಮಿಲಿ ಪ್ಲೇ', ಸಿಡ್ 1967ರಲ್ಲಿ ಬರೆದ ಹಾಡಿನ ಧಾಟಿ. ಕೆಲವೇ ಸೆಕೆಂಡು. ಗಮನ ಇಲ್ಲದಿದ್ರೆ ತಪ್ಪಿಯೇ ಹೋಗುತ್ತೆ. ಗೆಳೆಯನ ಕಾಯಿಲೆಯನ್ನ ಅಲ್ಲ, ಗೆಳೆಯ ಮಾಡಿದ ಹಾಡನ್ನ ಕೊನೇಲಿ ನೆನೆದರು.

ಇನ್ನೊಂದನ್ನೂ ಮಾಡಿದ್ರು. 2001ರ 'ಎಕೋಸ್' ಸಂಕಲನದಲ್ಲಿ ಸಿಡ್ ಬರೆದ ಹಾಡುಗಳಿಗೂ ಜಾಗ ಕೊಟ್ಟರು. ರಾಯಧನ ಅವರಿಗೆ ಸರಿಯಾಗಿ ತಲುಪೋ ಹಾಗೆ ಗಿಲ್ಮೋರ್ ನೋಡಿಕೊಂಡರು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಾಲ್ವರೂ ಮತ್ತೆ ಒಂದಾಗಿ ನುಡಿಸಿದಾಗ, ಶೀರ್ಷಿಕೆ ಹಾಡಿಗೆ ಮುಂಚೆ ವಾಟರ್ಸ್ ಅದನ್ನ ಇಲ್ಲಿಲ್ಲದವರಿಗೆ, ಮುಖ್ಯವಾಗಿ ಸಿಡ್‌ಗೆ ಅಂದರು. ಸಿಡ್ ಆಗ ಬದುಕಿದ್ರು, ತಮ್ಮ ಊರಲ್ಲಿ. ಅವರನ್ನ ವೇದಿಕೆಗೆ ಎಳೆದು ತರಲಿಲ್ಲ.

ಮುಂದಿನ ಸಲ ಯಾರಾದ್ರೂ ಆ ಜೋಡಿಚಿತ್ರ ಕಳಿಸಿದ್ರೆ ಜಗಳ ಆಡ್ಬೇಡಿ. ಫಾರ್ವರ್ಡ್ ಮಾಡ್ಬೇಡಿ, ಅಷ್ಟೇ. ಬದಲಿಗೆ ಕೊನೇ ಹಾಡಿನ ಕೊನೇ ನಿಮಿಷದ ಲಿಂಕ್ ಕಳಿಸಿ, 'ಇದರಲ್ಲಿ ಸಿಡ್ ಎಲ್ಲಿದ್ದಾರೆ ಹುಡುಕು' ಅನ್ನಿ. ಹುಡುಕೋಕೆ ಅವರು ಪೂರ್ತಿ ಕಿವಿಗೊಟ್ಟು ಕೇಳಲೇಬೇಕಾಗುತ್ತೆ.

ನಿಮಗೆ ಆ ಎಳೆ ಮೊದಲ ಸಲ ಕೇಳಿಸಿದ್ದು ಯಾವಾಗ? ಕಾಮೆಂಟಿನಲ್ಲಿ ಬರೀರಿ. ಇನ್ನೂ ಕೇಳಿಸಿಲ್ಲ ಅಂದ್ರೆ ಈ ರಾತ್ರಿ ದೀಪ ಆರಿಸಿ, 44 ನಿಮಿಷ ಎತ್ತಿಡಿ.

#ಪಿಂಕ್‌ಫ್ಲಾಯ್ಡ್ #ವಿಶ್‌ಯೂವರ್‌ಹಿಯರ್ #ಸಿಡ್‌ಬ್ಯಾರೆಟ್ #ಕೇಳುಗನಟಿಪ್ಪಣಿ