ಇಲ್ಲಿ ಡ್ಯೂಪ್ ಇಲ್ಲ ಸ್ವಾಮಿ!

ಹೋದ ವಾರ ಒಬ್ಬ ಓದುಗ ಮಿತ್ರರು ಕಾಗದ ಬರೆದು ಕೇಳಿದ್ದಾರೆ: "ನಮ್ಮ ಹೀರೋಗಳು ಮೂರೇ ತಿಂಗಳಲ್ಲಿ ಸಿಕ್ಸ್ ಪ್ಯಾಕ್ ಮಾಡ್ಕೊಂಡು ಬರ್ತಾರಲ್ಲ, ನಾವು ಮಾಡೋಕಾಗಲ್ವಾ?"

ಆಗುತ್ತೆ ಅಂತಲೂ ಹೇಳಲಾರೆ, ಆಗಲ್ಲ ಅಂತಲೂ ಹೇಳಲಾರೆ. ಅದರ ಬದಲು ಈ ವಾರ ನನ್ನದೇ ಒಂದು ಫ್ಲಾಪ್ ಚಿತ್ರದ ಕಥೆ ಹೇಳಿಬಿಡ್ತೀನಿ. ನಾಯಕ ನಾನೇ. ಖಳನಾಯಕ ಬಿಸಿಲು. ಪೋಷಕ ಪಾತ್ರದಲ್ಲಿ ಹಾಸನದ ನಮ್ಮಕ್ಕನ ಮಗ, ವಯಸ್ಸು ಇಪ್ಪತ್ತೆರಡು. ಹಾಡುಗಳಿಲ್ಲ, ಹೀರೋಯಿನ್ ಇಲ್ಲ. ಚಿತ್ರದ ಹೆಸರು ಟ್ರೈಅಥ್ಲಾನ್!

ಇದೇನಪ್ಪಾ ಸಿನಿಮಾ ಪತ್ರಿಕೇಲಿ ಈಜು, ಸೈಕಲ್ಲು ಅಂತ ಪುಟ ತಿರುವಬೇಡಿ. ಬಸ್ಸು ಬರೋಕೆ ಇನ್ನೂ ಟೈಮಿದೆ.

ಟ್ರೈಅಥ್ಲಾನ್ ಅಂದರೆ ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಮಧ್ಯೆ ಗಡಿಯಾರ ನಿಲ್ಲೋದಿಲ್ಲ. ಒದ್ದೆ ಮೈಯಲ್ಲಿ ಹೆಲ್ಮೆಟ್ ಹಾಕ್ಕೊಳ್ಳೋ ಹೊತ್ತೂ ಲೆಕ್ಕಕ್ಕೆ ಬರುತ್ತೆ. ದೊಡ್ಡ ಪಂದ್ಯ 'ಐರನ್‌ಮ್ಯಾನ್'ನಲ್ಲಿ ಈಜು 3.8 ಕಿಲೋಮೀಟರ್, ಸೈಕಲ್ 180, ಓಟ 42.2. ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಇದರ ಅರ್ಧದಷ್ಟು ದೂರದ್ದಕ್ಕೆ 70.3 ಅಂತ ಹೆಸರು. ಒಟ್ಟು ದೂರ ಅಷ್ಟು ಮೈಲಿ, ಅದಕ್ಕೇ ಆ ಹೆಸರು. ಅದು ಭಾರತಕ್ಕೆ ಮೊದಲ ಸಲ ಬಂದದ್ದು 2019ರ ಅಕ್ಟೋಬರಿನಲ್ಲಿ, ಗೋವಾಕ್ಕೆ.

ಈ ಹುಚ್ಚಿನ ಹುಟ್ಟೇ ಒಂದು ಸಿನಿಮಾ. ಹವಾಯಿ ದ್ವೀಪದಲ್ಲಿ 1977ರಲ್ಲಿ ಒಂದು ಓಟದ ಬಹುಮಾನ ಸಮಾರಂಭ. ಈಜುಗಾರರಿಗೂ ಓಟಗಾರರಿಗೂ ಜಗಳ ಹತ್ತಿಕೊಂಡಿತು, ಯಾರು ಗಟ್ಟಿಗರು ಅಂತ. ಜಾನ್ ಕಾಲಿನ್ಸ್ ಅನ್ನೋ ನೌಕಾಪಡೆ ಅಧಿಕಾರಿ ಎದ್ದು, ಸೈಕಲ್ ಸವಾರರನ್ನ ಮರೆತಿರಲ್ಲ ಅಂದು, ಊರಲ್ಲಿ ಆಗಲೇ ನಡೀತಿದ್ದ ಮೂರೂ ಪಂದ್ಯಗಳನ್ನ ಒಂದೇ ದಿನಕ್ಕೆ ಪೋಣಿಸಿಬಿಟ್ಟರು. 1978ರ ಫೆಬ್ರವರಿ 18ರಂದು ಹೊರಟವರು 15 ಮಂದಿ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್‌ಗೆ 11 ಗಂಟೆ 46 ನಿಮಿಷ 58 ಸೆಕೆಂಡ್ ಹಿಡಿಯಿತು. ಎರಡನೇ ಸ್ಥಾನದ ಜಾನ್ ಡನ್‌ಬಾರ್‌ಗೆ ದಾರೀಲಿ ನೀರು ಮುಗಿದು, ಜೊತೆಗಿದ್ದವರು ಬಿಯರ್ ಕೊಟ್ಟರಂತೆ! ನೀವು ಆ ತಾಲೀಮು ಮಾತ್ರ ಮಾಡಬೇಡಿ.

ಆದರೆ ಈ ಆಟವನ್ನ ಮನೆಮಾತು ಮಾಡಿದ್ದು ಗೆದ್ದವರಲ್ಲ, ಸೋತವಳು. 1982ರ ಫೆಬ್ರವರಿಯಲ್ಲಿ ಜೂಲಿ ಮಾಸ್ ಅನ್ನೋ ವಿದ್ಯಾರ್ಥಿನಿ ಎಲ್ಲ ಹೆಂಗಸರಿಗಿಂತ ಮುಂದಿದ್ದಳು. ಕೊನೇ ಗೆರೆ ಕಣ್ಣೆದುರಿಗೇ ಇದೆ, ಕಾಲು ಕೈಕೊಟ್ಟಿತು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಅಷ್ಟರಲ್ಲಿ ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋಗಿ ಗೆದ್ದುಬಿಟ್ಟಳು. ಜೂಲಿ ಅಂಬೆಗಾಲಿಕ್ಕಿಕೊಂಡು ಬಂದು ಗೆರೆ ಮುಟ್ಟಿದಳು, 29 ಸೆಕೆಂಡ್ ತಡವಾಗಿ. ಅಮೆರಿಕದ ಟಿವಿಯಲ್ಲಿ ಆ ದೃಶ್ಯ ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು.

ಆ ದೃಶ್ಯವನ್ನ ನಮ್ಮ ಅಕ್ಕನ ಮಗ ಮೊಬೈಲಲ್ಲಿ ನೂರು ಸಲ ನೋಡಿದ್ದಾನೆ. ಇದನ್ನ ನೆನಪಿಟ್ಟುಕೊಳ್ಳಿ, ಕ್ಲೈಮ್ಯಾಕ್ಸಿಗೆ ಬೇಕಾಗುತ್ತೆ.

ನಾನು ಈ ಗುಂಗಿಗೆ ಬಿದ್ದದ್ದು ಯಾವಾಗ? 2021ರ ಅಕ್ಟೋಬರ್ 29 ಯಾರಿಗೆ ತಾನೇ ಮರೆತೀತು! ಅಪ್ಪು ಹೋದರು, ವಯಸ್ಸು ಬರೀ 46. ಆಮೇಲಿನ ದಿನಗಳಲ್ಲಿ ಎದೆ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಆ ಸಾಲಿನಲ್ಲಿ ನಾನೂ ಇದ್ದೆ. ಇಸಿಜಿ ಸರಿಯಾಗೇ ಬಂತು, ಸಕ್ಕರೆ ಮಾತ್ರ ಗಡಿಯಲ್ಲಿ ನಿಂತಿತ್ತು. ಡಾಕ್ಟರು ನನ್ನ ಹೊಟ್ಟೆ ನೋಡಿ, "ಸಿನಿಮಾ ಬಗ್ಗೆ ಬರೀತೀರಾ? ಕೂತೇ ಬರೀತೀರೇನೋ" ಅಂದರು. ನಾಚಿಕೆಯಾಯಿತು.

ಆ ದಿನಗಳಲ್ಲಿ ನಮ್ಮ ಹುಡುಗರು ಎರಡು ಪಕ್ಷ ಆದರು ನೋಡಿ. "ಅಷ್ಟು ಕಸರತ್ತು ಮಾಡಿದವರಿಗೇ ಹೀಗಾಯ್ತು, ನಮಗ್ಯಾಕೆ ಉಸಾಬರಿ" ಅಂತ ಜಿಮ್ ಬಿಟ್ಟವರು ಒಂದು ಕಡೆ. ಏನೂ ಆಗೇ ಇಲ್ಲ ಅನ್ನೋ ಹಾಗೆ ಡಬ್ಬಿಗಟ್ಟಲೆ ಪೌಡರ್ ಕುಡಿದವರು ಇನ್ನೊಂದು ಕಡೆ. ಅಕ್ಕನ ಮಗ ಎರಡನೇ ಪಕ್ಷ. ನಾನು ಮೂರನೇ ಪಕ್ಷ ಕಟ್ಟಿದೆ, ಸದಸ್ಯ ಒಬ್ಬನೇ! ನಿಧಾನವಾಗಿ ಶುರು ಮಾಡೋದು, ಡಾಕ್ಟರಿಗೆ ಹೇಳಿ ಮಾಡೋದು, ವರ್ಷಗಟ್ಟಲೆ ಮಾಡೋದು.

ಮೊದಲ ವರ್ಷ ಬರೀ ಲಾಲ್‌ಬಾಗ್. ನಡಿಗೆ, ಆಮೇಲೆ ಕುಂಟು ಓಟ. ಓಡ್ತಾ ಓಡ್ತಾ ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಯ್ತು ಅಂತ ಲೆಕ್ಕ. ದೂರದ ಓಟಗಾರರು ತಾಲೀಮಿನ ಬಹುಪಾಲನ್ನ ಹೀಗೇ ಮೆಲ್ಲಗೆ ಮಾಡ್ತಾರೆ. ಮೆಲ್ಲಗೆ ಓಡಿದರೆ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳೋದು ಕಲಿಯುತ್ತೆ, ಮೈ ಕೊಬ್ಬನ್ನ ಉರಿಸೋದು ಕಲಿಯುತ್ತೆ. ಇದು ಮೂರು ತಿಂಗಳ ಪಾಠ ಅಲ್ಲವೇ ಅಲ್ಲ.

ಸೈಕಲ್ಲು ಸ್ನೇಹಿತನದು. ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ಕಡೆ ಹೋದರೆ, ಸೆಕೆಂಡ್ ಶೋ ಬಿಟ್ಟ ಹಾಗೆ ಸೈಕಲ್ಲುಗಳ ಜಾತ್ರೆ. ಮೊದಲ ಸಲ ಅರ್ಧ ಬೆಟ್ಟಕ್ಕೆ ಇಳಿದು ತಳ್ಳಿದೆ. ಒಬ್ಬ ಅಜ್ಜ ಪಕ್ಕದಲ್ಲೇ ತುಳಿದುಕೊಂಡು ಹೋಗುತ್ತಾ, "ಬನ್ನಿ ಬನ್ನಿ, ಮೇಲೆ ಕಾಫಿ ಇದೆ" ಅಂದರು. ಅವಮಾನವೋ ಆಹ್ವಾನವೋ, ಇನ್ನೂ ತಿಳಿದಿಲ್ಲ.

ಕಷ್ಟದ ವಿಷಯ ಈಜು. ಊರ ಕೆರೇಲಿ ಕೈಕಾಲು ಬಡಿದದ್ದೇ ನನ್ನ ವಿದ್ಯೆ. ಕೊಳದಲ್ಲಿ ಎಂಟು ವರ್ಷದ ಮಕ್ಕಳ ಜೊತೆ ನಿಂತು ನೀರಲ್ಲಿ ಉಸಿರು ಬಿಡೋದನ್ನ ಕಲಿತೆ. ಕೊಳದ ತಳದಲ್ಲಿ ಕಪ್ಪು ಗೆರೆ ಇರುತ್ತೆ, ನೋಡ್ಕೊಂಡು ನೇರ ಹೋಗಬಹುದು. ಸಮುದ್ರದಲ್ಲಿ ಗೆರೆ ಎಳೆದವರು ಯಾರು? ಹತ್ತಾರು ಕೈ ಹಾಕಿದ ಮೇಲೆ ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆತ್ತಿ ದಿಕ್ಕು ನೋಡಬೇಕು. ಮರೆತರೆ ದೂರ ಬೆಳೆಯುತ್ತೆ.

ಇನ್ನು ನಿಯಮಗಳು ಕೇಳಿ. ಕಿವಿಗೆ ಹಾಡು ಹಾಕ್ಕೊಳ್ಳೋ ಹಾಗಿಲ್ಲ. ಮುಂದಿನ ಸೈಕಲ್ಲಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳೋ ಹಾಗಿಲ್ಲ, ಎರಡರ ಮುಂಚಕ್ರಗಳ ನಡುವೆ 12 ಮೀಟರ್ ಬಿಡಬೇಕು. ಹೊರಗಿನವರು ಒಂದು ಲೋಟ ನೀರು ಕೊಟ್ಟರೂ ತಪ್ಪು, ಪಂದ್ಯದವರ ಮೇಜಿನಿಂದಲೇ ಕುಡೀಬೇಕು. ಪಾದದ ಮೇಲೆ ಪಟ್ಟಿ, ಅದರಲ್ಲಿ ಚಿಪ್ಪು. ಎಲ್ಲಿ ಎಷ್ಟು ಹೊತ್ತಿಗೆ ದಾಟಿದೆ ಅನ್ನೋದನ್ನ ಅದೇ ಚಾಡಿ ಹೇಳುತ್ತೆ. ಫೈಟ್ ಸೀನಿಗೆ ಡ್ಯೂಪ್ ಹಾಕ್ಕೊಳ್ಳೋ ಹಾಗೆ ಇಲ್ಲಿ ಯಾರನ್ನೂ ಕಳಿಸೋಕಾಗಲ್ಲ. 'ಕಾಮನಬಿಲ್ಲು' ಚಿತ್ರದಲ್ಲಿ ಅಣ್ಣಾವ್ರು ತಾವೇ ಆಸನ ಹಾಕಿದರಲ್ಲ, 1983ರಲ್ಲಿ? ಹಾಗೆ. ನಟ ಮಿಲಿಂದ್ ಸೋಮನ್ 50ರ ಹೊಸ್ತಿಲಲ್ಲಿ, 2015ರಲ್ಲಿ ಜ್ಯೂರಿಕ್‌ನಲ್ಲಿ ಪೂರ್ತಿ ಐರನ್‌ಮ್ಯಾನ್ ಮುಗಿಸಿದರು. ನಟಿ ಸಯಾಮಿ ಖೇರ್ 2024ರಲ್ಲಿ ಬರ್ಲಿನ್‌ನಲ್ಲಿ 70.3 ಮುಗಿಸಿದರು. ತಾರೆಯರೂ ಅಲ್ಲಿ ತಾವೇ ಬೆವರಬೇಕು.

2023ರ ಅಕ್ಟೋಬರ್. ಗೋವಾದ ಮಿರಾಮಾರ್ ಕಡಲ ತೀರ. ಅಕ್ಕನ ಮಗ ರಜಾ ಹಾಕಿ ಬಂದಿದ್ದ, "ಮಾವ, ಇವತ್ತು ನೀನೇ ಹೀರೋ" ಅಂತ. ಒಟ್ಟು 8 ಗಂಟೆ 30 ನಿಮಿಷದ ಗಡುವು. 1.9 ಕಿಲೋಮೀಟರ್ ಈಜು 58 ನಿಮಿಷಕ್ಕೆ ಮುಗೀತು. ಅರ್ಧ ಅರಬ್ಬೀ ಸಮುದ್ರ ಹೊಟ್ಟೇಲಿತ್ತು, ಆದರೂ ಖುಷಿ. 90 ಕಿಲೋಮೀಟರ್ ಸೈಕಲ್ 4 ಗಂಟೆ 12 ನಿಮಿಷ. ಇಂಟರ್ವಲ್ ತನಕ ಚಿತ್ರ ಹಂಡ್ರೆಡ್ ಡೇಸ್!

ಸೈಕಲ್ ಇಳಿದು ಓಡಿದರೆ ಕಾಲು ಕಲ್ಲುಗುಂಡಿನ ಹಾಗಿರುತ್ತೆ. ಅದಕ್ಕೆ ತಾಲೀಮು ಮಾಡಿದ್ದೆ. ತಾಲೀಮು ಮಾಡದೇ ಇದ್ದದ್ದು ಆ ಮಧ್ಯಾಹ್ನದ ಸೆಕೆಗೆ. ಬೆಂಗಳೂರಿನ ನಸುಕಿನಲ್ಲಿ ಓಡಿದ ಮೈ ಅದು. ಬೆವರು ಆರಿದರೆ ತಾನೇ ಮೈ ತಂಪಾಗೋದು? ಕಡಲ ಬದಿಯ ತೇವದ ಗಾಳೀಲಿ ಬೆವರು ಆರೋದೇ ಇಲ್ಲ, ಸುಮ್ಮನೆ ಸುರಿಯುತ್ತೆ. ಮೈ ತಣಿಸೋಕೆ ರಕ್ತ ಚರ್ಮದ ಕಡೆ ಓಡುತ್ತೆ, ಕಾಲಿಗೆ ಕಮ್ಮಿಯಾಗುತ್ತೆ, ಹೃದಯ ಎರಡು ಕಡೆ ಗೇಯಬೇಕು.

13ನೇ ಕಿಲೋಮೀಟರ್. ಆ ಬಿಸಿಲಲ್ಲಿ ನನಗೆ ಚಳಿಯಾಯಿತು! ತೋಳಿನ ಮೇಲೆ ರೋಮ ನಿಂತಿತು. ಎಷ್ಟನೇ ಸುತ್ತು ಅಂತ ಯೋಚಿಸಿದೆ, ಗೊತ್ತಾಗಲಿಲ್ಲ. ಗಡಿಯಾರದಲ್ಲಿ ಇನ್ನೂ 1 ಗಂಟೆ 21 ನಿಮಿಷ ಇತ್ತು, ದೂರ ಎಂಟು ಕಿಲೋಮೀಟರ್. ಚುರುಕಾಗಿ ನಡೆದರೂ ಸಾಕಿತ್ತು ಸ್ವಾಮಿ.

ಬೇಲಿಯಾಚೆ ಅಕ್ಕನ ಮಗ ಕೂಗ್ತಿದ್ದ: "ಬಿಡಬೇಡ ಮಾವ! ಅಂಬೆಗಾಲಲ್ಲಾದರೂ ಹೋಗು! ಜೂಲಿ ಮಾಸ್ ನೆನಪಿಸ್ಕೋ!"

ನೆನಪಾದದ್ದು ಆ ಆಸ್ಪತ್ರೆಯ ಸಾಲು. ಬಿಸಿಲಲ್ಲಿ ಚಳಿಯಾದರೆ, ತಲೆ ಗೊಂದಲವಾದರೆ, ಅದು ಮೈ ಕೊಡೋ ಕೊನೇ ಎಚ್ಚರಿಕೆ, ಒಳಗಿನ ಶಾಖ 40 ಡಿಗ್ರಿ ದಾಟಿದರೆ ಪ್ರಾಣಕ್ಕೇ ಕುತ್ತು ಅಂತ ಓದಿದ್ದೆ. ಪಕ್ಕದಲ್ಲೇ ವೈದ್ಯರ ಡೇರೆ. ಹೋಗಿ ಕೂತೆ. ಐಸ್ ನೀರಲ್ಲಿ ಅದ್ದಿದ ಬಟ್ಟೆ ಹಾಕಿದರು. ಪಟ್ಟಿ ಬಿಚ್ಚಿ ಚಿಪ್ಪು ವಾಪಸ್ ಕೊಟ್ಟೆ. ಮುಗೀತು ಪಿಕ್ಚರ್. ಪದಕ ಇಲ್ಲ, ಟೀ ಶರ್ಟು ಇಲ್ಲ.

ಅಕ್ಕನ ಮಗ ಮುಖ ತಿರುಗಿಸಿಬಿಟ್ಟ. ವಾಪಸ್ ಬರೋ ರಾತ್ರಿ ಬಸ್ಸಲ್ಲಿ ಪಕ್ಕದ ಸೀಟಲ್ಲೇ ಕೂತಿದ್ದರೂ ಮಾತಿಲ್ಲ. ಘಟ್ಟ ಹತ್ತಿದ್ದಾಯ್ತು, ಮಾತಿಲ್ಲ. ನನಗೂ ಹೊಟ್ಟೆ ಉರೀತಿತ್ತು. ಇನ್ನೊಂದು ಹತ್ತು ನಿಮಿಷ ಕೂತು ಎದ್ದು ನಡೆದಿದ್ದರೆ? ಹೇಡಿಯಾದೆನಾ? ಇವತ್ತಿಗೂ ಕೆಲವು ರಾತ್ರಿ ಅದೇ ಪ್ರಶ್ನೆ ಬರುತ್ತೆ, ಸುಳ್ಳು ಯಾಕೆ ಹೇಳಲಿ.

ಹುಬ್ಬಳ್ಳಿಯಲ್ಲಿ ಚಹಾಕ್ಕೆ ಇಳಿದೆವು. ಲೋಟ ಕೈಯಲ್ಲಿ ಹಿಡಿದು ನಿಂತವನು ಇದ್ದಕ್ಕಿದ್ದಂತೆ, "ಮಾವ, ನೀನು ಅಲ್ಲೇ ಬಿದ್ದಿದ್ರೆ ಅಮ್ಮಂಗೆ ನಾನೇನು ಹೇಳ್ತಿದ್ದೆ?" ಅಂದ. ಕಣ್ಣಲ್ಲಿ ನೀರು. ಅಷ್ಟು ಹೊತ್ತಿನ ಮೌನ ಸಿಟ್ಟಲ್ಲ, ಹೆದರಿಕೆ.

ಆಮೇಲೆ ತಲೆ ತಗ್ಗಿಸಿ ಇನ್ನೊಂದು ಹೇಳಿದ. ಜಿಮ್ಮಲ್ಲಿ ಯಾರೋ ಒಬ್ಬ, "ಇಂಜೆಕ್ಷನ್ ತಗೋ, ಮೂರು ತಿಂಗಳಿಗೆ ಹೀರೋ ಬಾಡಿ" ಅಂತ ಬೆನ್ನು ಹತ್ತಿದ್ದಾನಂತೆ. ದುಡ್ಡೂ ಕೂಡಿಟ್ಟಿದ್ದನಂತೆ. "ಇನ್ನೂ ತಗೊಂಡಿಲ್ಲ" ಅಂದ. ಅರ್ಧ ನಂಬಿದೆ. ಅದು ಸ್ಟೆರಾಯ್ಡು ಕಣೋ, ತೋಳು ದಪ್ಪ ಆದ ಹಾಗೆ ಹೃದಯದ ಗೋಡೆಯೂ ದಪ್ಪ ಆಗಬಹುದು, ರಕ್ತದ ಕೊಬ್ಬು ಕೆಡುತ್ತೆ, ಗಂಡಸುತನದ ಹಾರ್ಮೋನನ್ನ ಮೈ ತಾನಾಗಿ ತಯಾರಿಸೋದನ್ನೇ ನಿಲ್ಲಿಸಬಹುದು ಅಂತ ಹೇಳಿದೆ. ಕೊನೇ ಮಾತಿಗೆ ಹುಡುಗ ಚಹಾ ಚೆಲ್ಲಿಕೊಂಡ!

ಊರಿಗೆ ಹೋಗಿ ಇಸಿಜಿ ಮಾಡಿಸಿದ. ಸರಿಯಾಗಿದೆ. ಕೂಡಿಟ್ಟ ದುಡ್ಡಿಗೆ ಶೂ ತಗೊಂಡ. ಈಗ ವಾರಕ್ಕೆ ನಾಲ್ಕು ದಿನ ಓಡ್ತಾನೆ. ಸಿಕ್ಸ್ ಪ್ಯಾಕ್ ಬಂದಿಲ್ಲ, ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರೋಲ್ಲ ಅಂತಾನೆ.

ಹಾಗಾದರೆ ಜೂಲಿ ಮಾಸ್ ತೆವಳಿದ್ದು ತಪ್ಪೇ? ಅದನ್ನ ನಾನು ಹೇಳಲಾರೆ. ಆ ದೃಶ್ಯ ನೋಡಿದರೆ ನನಗೆ ಈಗಲೂ ಗಂಟಲು ಕಟ್ಟುತ್ತೆ. ಆದರೆ ಸಿನಿಮಾ ತೆವಳಿದವರನ್ನ ತೋರಿಸುತ್ತೆ, ಕೂತವರನ್ನ ತೋರಿಸೋಲ್ಲ. ಕೂತವನ ಕಥೆಯನ್ನ ಕೂತವನೇ ಬರೀಬೇಕು, ಅದಕ್ಕೇ ಈ ಅಂಕಣ.

ಕಾಗದ ಬರೆದ ಗೆಳೆಯರೇ, ನಿಮಗೆ ಉತ್ತರ ಇಷ್ಟೇ. ಹೀರೋಗಳಿಗೆ ಅಡುಗೆಯವರಿದ್ದಾರೆ, ತರಬೇತಿ ಕೊಡೋರಿದ್ದಾರೆ, ಬೆಳಕು ಬಿಡೋ ಕ್ಯಾಮೆರಾಮನ್ ಇದ್ದಾನೆ. ನಿಮಗಿರೋದು ಒಂದೇ ಮೈ, ಡ್ಯೂಪ್ ಇಲ್ಲ. ಮೊದಲು ಒಂದು ತಪಾಸಣೆ. ಮನೇಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲಿ ಹೃದಯದ ತೊಂದರೆ ಬಂದಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ದಿನಾ ಅರ್ಧ ಗಂಟೆ ನಡಿಗೆಯಿಂದ ಶುರು ಮಾಡಿ. ಜ್ವರ ಬಂದ ದಿನ ಓಡಬೇಡಿ. ದೂರ ಓಡುವಾಗ ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅದೂ ಅಪಾಯವೇ, ಒಂದು ಚಿಟಿಕೆ ಉಪ್ಪೂ ಬೇಕು. ಎದೆ ಹಿಂಡಿದರೆ, ತಲೆ ಸುತ್ತಿದರೆ ಕೂತುಬಿಡಿ. ಯಾರೇ ಕೂಗಲಿ, ಕೂತುಬಿಡಿ.

ಅಂದಹಾಗೆ, ನಾನು ಮತ್ತೆ ಗೋವಾಕ್ಕೆ ಹೋಗ್ತೀನಾ? ಬೇಸಿಗೆಯಲ್ಲಿ ಮಂಗಳೂರಿಗೆ ಹೋಗಿ ಮಧ್ಯಾಹ್ನದ ಸೆಕೆಯಲ್ಲಿ ಮೆಲ್ಲಗೆ ಓಡಿ ಮೈ ಪಳಗಿಸ್ತಾ ಇದ್ದೀನಿ. ಅಕ್ಕನ ಮಗ ಈಜು ಕಲೀತಿದ್ದಾನೆ. ಬೇಲಿಯಾಚೆ ನಿಂತು ಕೂಗೋದು ಬೇಜಾರಂತೆ.

ರೀಮೇಕ್ ಯಾವಾಗ ಬಿಡುಗಡೆ ಅಂತ ತಿಳಿಸ್ತೀನಿ. ನಿಮ್ಮ ಬಸ್ಸು ಬಂತು ನೋಡಿ, ಹತ್ತಿ. ಸೀಟಿದ್ದರೂ ನಾಲ್ಕು ಸ್ಟಾಪು ನಿಂತೇ ಹೋಗಿ! ಮುಂದಿನ ವಾರ ಸಿಗೋಣ.