ಒಂಟಿಕಾಲಿನ ಪರವಾಗಿ

ನಮ್ಮ ಕಾಲೇಜಿನಲ್ಲಿ ಈಗ ಕ್ಯಾಮೆರಾ ಹಿಡಿದವರು ಕಡಿಮೆಯೇನಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಬರುವ ಮಿತ್ರರಲ್ಲಿ ಕೆಲವರು ಲಗ್ನದ ತಿಂಗಳುಗಳಲ್ಲಿ ಫೋಟೋ ತೆಗೆದು, ವಿಡಿಯೋ ಮಾಡಿ, ತಮ್ಮ ಫೀಜು ಪುಸ್ತಕಗಳ ಖರ್ಚನ್ನು ತಾವೇ ತೂಗಿಸಿಕೊಳ್ಳುತ್ತಿರುವರು. ಮೆಚ್ಚತಕ್ಕ ಸಂಗತಿಯೇ. ಆದರೆ ತಂಬಾಕಿನ ಹರಾಜಾಗಿ ಮನೆಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ನೋಡಿ ತಂದೆಯವರನ್ನು ಒಪ್ಪಿಸಿ ಪಡೆದ ಹಣವನ್ನೆಲ್ಲ ಕ್ಯಾಮೆರಾಕ್ಕೂ ಲೆನ್ಸಿಗೂ ಸುರಿದು, ಅದನ್ನು ಅಲುಗದಂತೆ ನಿಲ್ಲಿಸುವ ಸಾಧನಕ್ಕೆ ಬಿಡಿಗಾಸನ್ನೂ ಉಳಿಸದಿರುವುದು ನನಗೆ ಸರಿತೋರದು. ಮಾಂಗಲ್ಯಧಾರಣೆಯ ಗಳಿಗೆ ಮತ್ತೊಮ್ಮೆ ಬಾರದು. ಆ ಚಿತ್ರ ಅಲುಗಿದರೆ ಹೋಗುವುದು ಅಂದಿನ ಕೂಲಿಯಷ್ಟೇ ಅಲ್ಲ, ಮುಂದೆ ಬರಬೇಕಾಗಿದ್ದ ಇನ್ನೊಂದು ಲಗ್ನವೂ ಹೋದಂತೆ.

ಮುಕ್ಕಾಲಿಯ ಸ್ಟ್ಯಾಂಡು, ಎಂದರೆ ಟ್ರೈಪಾಡು, ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದನ್ನು ಹರಡಲು ಜಾಗವೆಲ್ಲಿ? ಧಾರೆಯ ಮಂಟಪದ ಸುತ್ತ ನೆಂಟರಿಷ್ಟರು ಮುತ್ತಿಕೊಂಡಿರುವಾಗ ಅದರ ಒಂದು ಕಾಲು ಯಾವುದಾದರೂ ಅಜ್ಜಿಯ ಸೀರೆಗೆ ತೊಡರುವುದು ಖಂಡಿತ. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಾಗಲಿ, ಹುಣಸೂರಿನ ಹನುಮ ಜಯಂತಿಯ ಮೆರವಣಿಗೆಯಲ್ಲಾಗಲಿ ಮೂರು ಕಾಲು ಊರಿ ನಿಂತವನು ಜನರ ಬೈಗುಳಕ್ಕೆ ಸಿದ್ಧನಾಗಿಯೇ ಹೋಗಬೇಕು. ಒಂಟಿಕಾಲಿನ ಮಾನೋಪಾಡಿಗೆ ಬೇಕಾದುದು ಒಂದು ಅಂಗೈಯಗಲದ ನೆಲ ಮಾತ್ರ. ಉಳಿದೆರಡು ಕಾಲುಗಳು ನಮ್ಮವೇ. ಕೋಲೂರಿ ಅದರ ಮೇಲೆ ಭಾರ ಬಿಟ್ಟು ಗಂಟೆಗಟ್ಟಲೆ ಕುರಿ ಕಾಯುವವನನ್ನು ನೋಡಿದವರಿಗೆ ಈ ವಿದ್ಯೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಬರಿಗೈಯಲ್ಲಿ ಹಿಡಿದಾಗ 200 ಮಿಲಿಮೀಟರ್ ಲೆನ್ಸಿಗೆ ಸೆಕೆಂಡಿನ 200ರಲ್ಲಿ ಒಂದು ಭಾಗಕ್ಕಿಂತ ನಿಧಾನವಾದ ಷಟರ್ ವೇಗ ಸಲ್ಲದೆಂಬುದು ಹಳೆಯ ಲೆಕ್ಕ. ಮಾನೋಪಾಡಿನ ಆಸರೆಯಿದ್ದರೆ 50ರಲ್ಲಿ ಒಂದರವರೆಗೂ ಇಳಿಯಬಹುದು. ಕಲ್ಯಾಣಮಂಟಪದ ಮಂದ ಬೆಳಕಿನಲ್ಲಿ ಇದು ದೊಡ್ಡ ಲಾಭ. ಅದು ತಡೆಯುವುದು ಮುಖ್ಯವಾಗಿ ಮೇಲೆ ಕೆಳಗಿನ ಅಲುಗಾಟವನ್ನು. ಅಕ್ಕಪಕ್ಕದ ವಾಲಾಟವನ್ನು ನಮ್ಮ ನಿಲುವೇ ತಡೆಯಬೇಕು. ಹಾಗೆಯೇ ನಮ್ಮ ಮುಂದಿರುವವರು ಚಲಿಸಿದರೆ ಯಾವ ಕೋಲೂ ಅವರನ್ನು ನಿಲ್ಲಿಸಲಾರದು.

ಕೊಳ್ಳುವಾಗ ಹೊಳಪಿಗೆ ಮರುಳಾಗಬಾರದು. ಕಾರ್ಬನ್ ಫೈಬರಿನದು ಹಗುರ, ನಿಜ. ಆದರೆ ಬೆಲೆಯಲ್ಲಿ ಹಗುರವಲ್ಲ. ನಮಗೆ ಅಲ್ಯೂಮಿನಿಯಂ ಸಾಕು. ಕ್ಯಾಮೆರಾ ಲೆನ್ಸು ಸೇರಿ ಎರಡೂವರೆ ಕಿಲೋ ತೂಗಿದರೆ ಐದು ಕಿಲೋ ತಾಳುವುದನ್ನೇ ಆರಿಸಬೇಕು. ಒಳಗೊಳಗೆ ಸರಿಯುವ ಕೊಳವೆಗಳು ಹೆಚ್ಚಾದಷ್ಟೂ ಮಡಿಸಿದಾಗ ಚಿಕ್ಕದಾಗುವುದು, ಚೀಲದಲ್ಲಿ ಹಿಡಿಯುವುದು. ಆದರೆ ತುದಿಯ ಕೊಳವೆ ತೆಳ್ಳಗಾಗಿ ಬಳುಕುವುದು. ನಾಲ್ಕಕ್ಕೆ ನಿಲ್ಲಿಸುವುದು ಲೇಸು. ತಿರುಪಿ ಬಿಗಿಯುವ ಬಗೆಗಿಂತ ಚಿಮ್ಮಿಸಿ ಮುಚ್ಚುವ ಬೀಗದ ಬಗೆಯೇ ನನಗೆ ಹಿತ. ಹೊಳೆಯ ಮರಳು ತಿರುಪಿನೊಳಗೆ ಸೇರಿದರೆ ಕರಕರ ಎನ್ನುವುದು. ಚಿಮ್ಮುಬೀಗವಾದರೆ ಬಿಗಿಯಾಗಿದೆಯೋ ಇಲ್ಲವೋ ಕಣ್ಣಿಗೇ ಕಾಣುವುದು. ಅಂಗಡಿಯಲ್ಲಿಯೇ ಪೂರ್ತಿ ಎಳೆದು, ಎರಡು ಕೈಯಿಂದ ಮೈಭಾರ ಹಾಕಿ ಒತ್ತಿ ನೋಡಬೇಕು. ಜಾರಿತೋ, ಅಂಗಡಿಯವನು ಏನೇ ಹೇಳಲಿ, ಅಲ್ಲಿಯೇ ಬಿಟ್ಟು ಬರಬೇಕು.

ವಿಡಿಯೋದವರಿಗೆ ಇನ್ನೊಂದು ಬಗೆಯುಂಟು. ಬುಡದಲ್ಲಿ ಮೂರು ಪುಟ್ಟ ಪಾದಗಳು, ತಲೆಯಲ್ಲಿ ನುಣುಪಾಗಿ ಬಾಗುವ ಫ್ಲೂಯಿಡ್ ಹೆಡ್ಡು. ಮುಕ್ಕಾಲು ಗಂಟೆಯ ಭಾಷಣವನ್ನು ಕೈ ನೋಯದೆ ಹಿಡಿಯಲು ಇದಕ್ಕಿಂತ ಉತ್ತಮವಿಲ್ಲ. ಗಿಂಬಲ್‌ನಂತೆ ಬ್ಯಾಟರಿಯ ಗೋಳೂ ಇಲ್ಲ. ಆದರೆ ಆ ಪುಟ್ಟ ಪಾದಗಳನ್ನು ನಂಬಿ ಕೈಬಿಟ್ಟು ಕಾಫಿಗೆ ಹೋಗುವಂತಿಲ್ಲ. ಬರಿಯ ಫೋಟೋದವರು ಈ ಹೆಚ್ಚಿನ ಹಣ ತೆರಬೇಕಾಗಿಲ್ಲ. ಮುಂದಕ್ಕೂ ಹಿಂದಕ್ಕೂ ಬಾಗುವ ಸಾದಾ ತಲೆಯೊಂದಿದ್ದರೆ ಆಯಿತು. ಪಕ್ಕಕ್ಕೆ ತಿರುಗಿಸುವುದಕ್ಕೆ ಕೋಲನ್ನೇ ತಿರುಗಿಸಿದರಾಯಿತಲ್ಲವೇ?

ಕೋಟೆ ತಾಲ್ಲೂಕಿನ ಮಿತ್ರರು ಕಬಿನಿಯ ಹೆಸರೆತ್ತಿ ಆಕ್ಷೇಪಿಸುವುದುಂಟು. ಬೇಸಗೆಯಲ್ಲಿ ಹಿನ್ನೀರಿನ ದಡಕ್ಕೆ ಆನೆಗಳು ಬಂದು ಸೇರುವಾಗ ಜೀಪಿನಲ್ಲಿ ಕುಳಿತವನಿಗೆ ಕೋಲು ಏಕೆ ಎನ್ನುವರು. ಅವರ ಮಾತಿನಲ್ಲಿ ಹುರುಳಿದೆ: ಎಂಜಿನು ಓಡುತ್ತಿರುವಾಗ ಜೀಪಿನ ತಳದಲ್ಲಿ ಊರಿದ ಕೋಲು ನಡುಕವನ್ನೆಲ್ಲ ಮೇಲಕ್ಕೇ ಕಳುಹಿಸುವುದು. ಅಲ್ಲಿ ಹುರುಳಿಯನ್ನೋ ರಾಗಿಯನ್ನೋ ತುಂಬಿದ ಬಟ್ಟೆಯ ಚೀಲವನ್ನು ಕಂಬಿಯ ಮೇಲಿಟ್ಟು ಅದರ ಮೇಲೆ ಲೆನ್ಸನ್ನು ಊರುವುದೇ ಮೇಲು. ಆದರೆ ನಮ್ಮಲ್ಲಿ ಎಷ್ಟು ಮಂದಿ ವರ್ಷಕ್ಕೆ ಎಷ್ಟು ಸಾರಿ ಸಫಾರಿಗೆ ಹೋಗಬಲ್ಲರು? ಅದೇ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಮೆಟ್ಟಿಲು ಹತ್ತುವಾಗ ಈ ಕೋಲು ಊರುಗೋಲೂ ಆಗುವುದು!

ಎಲ್ಲರೂ ಕೊಳ್ಳಲಾರರೆಂಬುದನ್ನು ಬಲ್ಲೆ. ಆದ್ದರಿಂದ ವಿದ್ಯಾರ್ಥಿ ಸಂಘದ ಹಣದಲ್ಲಿ ಸಾದಾ ಬಗೆಯದೊಂದು, ವಿಡಿಯೋದ್ದೊಂದು, ಹೀಗೆ ಎರಡನ್ನು ಕಾಲೇಜಿಗೇ ತರಿಸಬೇಕೆಂದು ಅಧ್ಯಾಪಕವೃಂದದಲ್ಲಿ ವಿಜ್ಞಾಪಿಸುತ್ತೇನೆ. ವಾರ್ಷಿಕೋತ್ಸವಕ್ಕೂ ಕ್ರೀಡಾದಿನಕ್ಕೂ ಅವು ಬೇಕೇ ಬೇಕು. ಉಳಿದ ದಿನಗಳಲ್ಲಿ ಪುಸ್ತಕಗಳಂತೆಯೇ ಗ್ರಂಥಾಲಯದ ರಿಜಿಸ್ಟರಿನಲ್ಲಿ ಹೆಸರು ಬರೆಸಿ ಎರವಲು ಕೊಡಲಿ. ಶನಿವಾರ ಒಯ್ದವನು ಸೋಮವಾರ ತರಲಿ. ತಡವಾದರೆ ದಂಡ ಹಾಕಲಿ.