ಹೋತದ ನಾತ, ಆಡಿನ ಮೆದುಳು



ಆಡು ಸಾಕಿದ ಮನೆಯವರಿಗೆ ಹೋತದ ನಾತವೇನೆಂದು ನಾವು ಹೇಳಿಕೊಡಬೇಕಾಗಿಲ್ಲ. ತನ್ನ ಗಡ್ಡದ ಮೇಲೆ ತಾನೇ ಉಚ್ಚೆ ಹೊಯ್ದುಕೊಂಡು ತಿರುಗುವ ಪ್ರಾಣಿ ಅದು. ಮುಟ್ಟಿದ ಕೈಯನ್ನು ಎರಡು ಸಲ ಸಾಬೂನು ಹಚ್ಚಿ ತೊಳೆದರೂ ವಾಸನೆ ಬಿಡುವುದಿಲ್ಲ. ಮನೆಗೆ ನೆಂಟರು ಬರುತ್ತಾರೆಂದರೆ ಮೊದಲು ಹೋತವನ್ನು ಹಿತ್ತಲಿಗೆ ಅಟ್ಟುತ್ತೇವೆ. ಆದರೆ ಈ ಸಲ ನಾವು ಆ ನಾತದ ಪರವಾಗಿಯೇ ನಾಲ್ಕು ಮಾತು ಬರೆಯಲು ಕುಳಿತಿದ್ದೇವೆ.

ಸೋಲಾಪುರ, ಅಕ್ಕಲಕೋಟ ಸೀಮೆಯಲ್ಲಿ ಹೆಚ್ಚಾಗಿ ಕಾಣುವುದು ಕಪ್ಪು ಮೈಯ ಉಸ್ಮಾನಾಬಾದಿ ಆಡು. ಹೆಸರು ಪಕ್ಕದ ಜಿಲ್ಲೆಯದು. ಆ ಜಿಲ್ಲೆಗೆ 2023ರಲ್ಲಿ ಧಾರಾಶಿವ ಎಂದು ಹೆಸರು ಬದಲಾಯಿತು, ಆಡಿಗೆ ಮಾತ್ರ ಹಳೆಯ ಹೆಸರೇ ಉಳಿದಿದೆ. ಅವಳಿ ಮರಿ ಹಾಕುವುದರಲ್ಲಿ ಹೆಸರುವಾಸಿ ತಳಿ. ಮಳೆ ಕೈಕೊಟ್ಟು ಜೋಳ ಒಣಗಿದ ವರ್ಷ ಮಗಳ ಶಾಲೆಯ ಫೀ, ಅಜ್ಜಿಯ ಔಷಧಿ ಎಲ್ಲವೂ ಇದೇ ಆಡಿನ ಮರಿಯಿಂದ ಆಗಬೇಕು. ಆಡು ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ, ಬೆದೆ ನಿಲ್ಲುವುದು ಒಂದೂವರೆ ದಿನದ ಆಜುಬಾಜು. ಆ ಗಳಿಗೆ ತಪ್ಪಿತೋ, ಮತ್ತೆ ಮೂರು ವಾರ ಮೇವು ಹಾಕುತ್ತ ಕಾಯಬೇಕು. ಎರಡು ಮೂರು ಸಲ ತಪ್ಪಿದರೆ ವರ್ಷದ ಲೆಕ್ಕವೇ ತಪ್ಪಿದಂತೆ.

ಬೆದೆಯನ್ನು ಗುರುತಿಸುವುದು ಹೇಗೆ? ಒಂದೇ ಸಮನೆ ಒದರುವುದು, ಬಾಲ ಅಲ್ಲಾಡಿಸುವುದು, ಮೇವಿನ ಕಡೆ ಲಕ್ಷ್ಯವಿಲ್ಲದಿರುವುದು ಇವೆಲ್ಲ ಪುಸ್ತಕದಲ್ಲಿಯೂ ಸಿಗುತ್ತವೆ. ಆಡು ಕಾಯುವ ಹಿರಿಯರ ಮಾತು ಇನ್ನೂ ಸರಳ: "ಯಾವುದು ಬೆದೀಗೆ ಬಂದದ ಅಂತ ನಮಗೇನು ಕೇಳ್ತೀರಿ? ಹ್ವಾತಕ್ಕ ಕೇಳ್ರಿ." ಹೋತ ಹೆಣ್ಣಿನ ಉಚ್ಚೆಯನ್ನು ಮೂಸಿ, ಮೇಲ್ತುಟಿ ಮಡಚಿ, ಆಕಾಶ ನೋಡುತ್ತ ನಿಲ್ಲುತ್ತದಲ್ಲ, ಮಕ್ಕಳು ಅದನ್ನು ಕಂಡು ನಗುತ್ತಾರೆ. ಅದು ನಗೆಯಾಟವಲ್ಲ, ತಪಾಸಣೆ. ಬಾಯಿಯ ಮೇಲ್ಭಾಗದಲ್ಲಿರುವ ಒಂದು ವಿಶೇಷ ಅಂಗಕ್ಕೆ ಆ ವಾಸನೆಯನ್ನು ತಲುಪಿಸಿ ಹೆಣ್ಣಿನ ಸ್ಥಿತಿಯನ್ನು ಅದು ಪರೀಕ್ಷಿಸುತ್ತಿರುತ್ತದೆ.

ಇನ್ನು ಹೆಣ್ಣಿನ ಕಡೆಯ ಮಾತು. ಬಹುದಿನ ಹೋತವನ್ನೇ ಕಾಣದೆ ಇದ್ದ ಆಡುಗಳ ನಡುವೆ ಒಮ್ಮೆಲೇ ಹೋತವನ್ನು ಬಿಟ್ಟರೆ, ತಣ್ಣಗಿದ್ದ ಆಡುಗಳೂ ಕೆಲವೇ ದಿನಗಳಲ್ಲಿ ಬೆದೆಗೆ ಬರುತ್ತವೆ. ಲೋಕದ ಎಲ್ಲ ಕಡೆಯ ಆಡುಗಾರರೂ ಬಲ್ಲ ಸಂಗತಿ ಇದು. ಬೀಜ ಒಡೆದ ಹೋತವನ್ನು ಬಿಟ್ಟರೆ ಹೀಗಾಗುವುದಿಲ್ಲ. ಹಾಗಾದರೆ ಗುಟ್ಟು ನಾತದಲ್ಲಿಯೇ ಇರಬೇಕೆಂದು ಊಹಿಸಿದ್ದರು. ಆದರೆ ಯಾವ ನಾತ, ಅದು ಮೆದುಳಿನಲ್ಲಿ ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ.

ಗುಟ್ಟು ಬಿಡಿಸಿದವರು ಜಪಾನಿನ ವಿಜ್ಞಾನಿಗಳು. ಟೋಕಿಯೋ ವಿಶ್ವವಿದ್ಯಾಲಯದವರು ಹೋತಗಳ ತಲೆಗೆ ಟೊಪ್ಪಿಗೆ ತೊಡಿಸಿದರು! ಟೊಪ್ಪಿಗೆಯೊಳಗೆ ವಾಸನೆ ಹೀರಿಕೊಳ್ಳುವ ವಸ್ತು ಇತ್ತು. ಬೀಜ ಒಡೆಯದ ಹೋತಗಳಿಂದ ಬಂದದ್ದನ್ನೂ ಬೀಜ ಒಡೆದವುಗಳಿಂದ ಬಂದದ್ದನ್ನೂ ಹೋಲಿಸಿ, ಕೊನೆಗೆ 4-ಈಥೈಲ್‌ಆಕ್ಟನಾಲ್ ಎಂಬ ಒಂದು ವಸ್ತುವನ್ನು ಹಿಡಿದರು. 2014ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ತಮಾಷೆಯೆಂದರೆ ಈ ವಸ್ತುವಿಗೆ ಕಿತ್ತಳೆ ಹಣ್ಣಿನಂಥ ಪರಿಮಳ. ಗಾಳಿಗೆ ಸೋಕಿ ಅದು ಆಮ್ಲವಾಗಿ ಬದಲಾದಾಗಲೇ ನಾವು ಮೂಗು ಮುಚ್ಚಿಕೊಳ್ಳುವ ನಾತ ಹುಟ್ಟುವುದು.

ಈ ವಾಸನೆ ಮೂಗಿಗೆ ಬಡಿದೊಡನೆ ಹೆಣ್ಣಾಡಿನ ಮೆದುಳಿನ ತಳದಲ್ಲಿರುವ ಹೈಪೋಥಲಮಸ್ ಎಂಬ ಸಣ್ಣ ಭಾಗ ಚುರುಕಾಗುತ್ತದೆ. ಅಲ್ಲಿಂದ ಜಿಎನ್‌ಆರ್‌ಎಚ್ ಎಂಬ ರಸ ಮಿಡಿತ ಮಿಡಿತವಾಗಿ ಹೊರಡುತ್ತದೆ. ಅದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುತ್ತದೆ, ಅಂಡಾಶಯದ ರಸ ಮತ್ತೆ ಮೆದುಳಿಗೆ ಏರಿ ಆಡನ್ನು ಹೋತದ ಕಡೆಗೆ ನಡೆಸುತ್ತದೆ. ಈ ಜಿಎನ್‌ಆರ್‌ಎಚ್ ಕೇವಲ 10 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಇದರ ರಚನೆ ತಿಳಿಯಲು ಶಾಲಿ ಮತ್ತು ಗಿಲ್ಮ ಎಂಬ ಇಬ್ಬರು ವಿಜ್ಞಾನಿಗಳು ಕಸಾಯಿಖಾನೆಗಳಿಂದ ತಂದ ಹಂದಿ, ಕುರಿಗಳ ಮೆದುಳುಗಳನ್ನು ರಾಶಿ ರಾಶಿಯಾಗಿ ಅರೆದರು. 1977ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇನ್ನೊಂದು ವಿಶೇಷ: ಇದು ಬಿಟ್ಟು ಬಿಟ್ಟು ಹರಿದರೆ ಮಾತ್ರ ಕೆಲಸ ನಡೆಯುತ್ತದೆ. ಇದೇ ರಸವನ್ನು ಎಡೆಬಿಡದೆ ಕೊಟ್ಟರೆ ಇಡೀ ವ್ಯವಸ್ಥೆ ಸ್ತಬ್ಧವಾಗುತ್ತದೆ. ಇಂಜೆಕ್ಷನ್ ಒಂದಿದ್ದರೆ ಎಲ್ಲ ಆಯಿತೆನ್ನುವವರು ಇದನ್ನು ಗಮನಿಸಬೇಕು.

ನಮ್ಮ ಊರುಗಳಲ್ಲಿ ತೊಂದರೆ ಎಲ್ಲಿದೆಯೆಂದರೆ, ಗಂಡುಮರಿ ಸ್ವಲ್ಪ ದಪ್ಪಗಾದೊಡನೆ ಸಂತೆಗೆ ಹೋಗುತ್ತದೆ, ಇಲ್ಲವೇ ಮಾಂಸಕ್ಕೆಂದು ಬೀಜ ಒಡೆಸಿಕೊಳ್ಳುತ್ತದೆ. ಚೆನ್ನಾಗಿ ಬೆಳೆದ ಗಂಡೇ ಮೊದಲು ಮಾರಾಟವಾಗುತ್ತದೆ, ಬಡಕಲು ಗಂಡು ಹಟ್ಟಿಯಲ್ಲಿ ಉಳಿದು ಮುಂದಿನ ಮರಿಗಳ ತಂದೆಯಾಗುತ್ತದೆ. ನಾಲ್ಕಾರು ಮನೆಯವರು ಕೂಡಿ ಬೇರೆ ಊರಿನಿಂದ ಒಂದು ಒಳ್ಳೆಯ ಹೋತ ತಂದು ಸಾಕುವುದು ಮೇಲು. ಅದನ್ನು ಒಂದು ತಿಂಗಳಾದರೂ ವಾಸನೆ ತಾಗದಷ್ಟು ದೂರ ಇಟ್ಟು ನಂತರ ಬಿಟ್ಟರೆ ಆಡುಗಳು ಹೆಚ್ಚುಕಡಿಮೆ ಒಟ್ಟಿಗೇ ಬೆದೆಗೆ ಬರುತ್ತವೆ, ಐದು ತಿಂಗಳ ನಂತರ ಮರಿಗಳೂ ಒಟ್ಟಿಗೇ ಬರುತ್ತವೆ, ನೋಡಿಕೊಳ್ಳಲು ಸುಲಭ. ಮೊದಲ ಬೆದೆ ಫಲಿಸದೆ ವಾರದೊಳಗೆ ಮತ್ತೊಮ್ಮೆ ಬರುವುದುಂಟು. ಗಾಬರಿಪಟ್ಟು ಹೋತವನ್ನು ಹೊರಗೆ ಕಟ್ಟಬೇಡಿ. ಹೊಟ್ಟೆಗೆ ಇಲ್ಲದ ಆಡು ಮಾತ್ರ ಯಾವ ನಾತಕ್ಕೂ ಸರಿಯಾಗಿ ಏಳುವುದಿಲ್ಲ. ಮೆದುಳು ಮೊದಲು ಹೊಟ್ಟೆಯನ್ನು ವಿಚಾರಿಸುತ್ತದೆ.

ಪತ್ರಿಕೆಗಳಲ್ಲಿ 'ಪ್ರೀತಿಯ ಹಾರ್ಮೋನು' ಎಂಬ ಮಾತು ನೀವು ಓದಿರಬಹುದು. ಆಕ್ಸಿಟೋಸಿನ್ ಎಂಬ ರಸಕ್ಕೆ ಕೊಟ್ಟ ಬಿರುದು ಅದು. ಅಮೆರಿಕದ ಹುಲ್ಲುಗಾವಲಿನ ವೋಲ್ ಎಂಬ ಇಲಿಯಂಥ ಪ್ರಾಣಿ ಜೋಡಿ ಕಟ್ಟಿಕೊಂಡು ಬಾಳುತ್ತದೆ, ಅದಕ್ಕೆ ಈ ರಸವೇ ಕಾರಣವೆಂದು ಬಹುಕಾಲ ನಂಬಿದ್ದರು. 2023ರಲ್ಲಿ ಆ ರಸವನ್ನು ಗುರುತಿಸುವ ಗ್ರಾಹಕವೇ ಇಲ್ಲದಂತೆ ಮಾಡಿ ಹುಟ್ಟಿಸಿದ ವೋಲ್‌ಗಳನ್ನು ನೋಡಿದಾಗ ಅವೂ ಜೋಡಿ ಕಟ್ಟಿದವು! ಒಂದು ರಸಕ್ಕೆ ಒಂದು ಗುಣ ಎಂದು ಲೆಕ್ಕ ಬರೆಯುವವರಿಗೆ, ಅದರಲ್ಲೂ ಮನುಷ್ಯರ ಸಂಸಾರವನ್ನು ಹಾಗೆ ವಿವರಿಸುವವರಿಗೆ, ಆ ಪುಟ್ಟ ಪ್ರಾಣಿ ಒಳ್ಳೆಯ ಉತ್ತರ ಕೊಟ್ಟಿದೆ ಎಂದು ನಮಗನ್ನಿಸುತ್ತದೆ.

ಹೊರಗಿನಿಂದ ಕರೆ ಬಾರದಿದ್ದರೆ ಮೆದುಳಿನ ರಸ ಏನು ಮಾಡೀತು ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಸೋಲಾಪುರದಿಂದ ಬಾರ್ಶಿಯ ದಾರಿಯಲ್ಲಿ ನಾನ್ನಜ್ ಇದೆ. ಮರಾಠಿಯವರು ಮಾಳಢೋಕ ಎನ್ನುವ, ನಾವು ಎರೆಭೂತ ಎನ್ನುವ ದೊಡ್ಡ ಹಕ್ಕಿಗಾಗಿ 1979ರಲ್ಲಿ ಅಲ್ಲಿ ಅಭಯಾರಣ್ಯ ಘೋಷಿಸಿದರು. ಹಕ್ಕಿಗಳ ಮೆದುಳಿನ ಒಳಗೇ ಬೆಳಕನ್ನು ಅರಿಯುವ ಕೋಶಗಳಿವೆ. ತಲೆಬುರುಡೆ ದಾಟಿ ಬರುವ ಬೆಳಕಿನಿಂದ ಹಗಲು ಉದ್ದವಾಯಿತೇ ಎಂದು ಅವು ತಿಳಿಯುತ್ತವೆ. ಋತು ಬಂದಾಗ ಗಂಡು ಎರೆಭೂತ ಗಂಟಲ ಚೀಲವನ್ನು ಊದಿಸಿ ನೆಲದವರೆಗೆ ಇಳಿಬಿಟ್ಟು, ಬಾಲ ಎತ್ತಿ, ಗಂಭೀರವಾಗಿ ಗುಡುಗುತ್ತ ನಿಲ್ಲುತ್ತದೆ. ಹೆಣ್ಣು ಅದನ್ನು ಕೇಳಿ, ನೋಡಿ ಬರಬೇಕು. ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಈಚಿನ ವರ್ಷಗಳ ಎಣಿಕೆಯಲ್ಲಿ ನಾನ್ನಜ್‌ನಲ್ಲಿ ಸಿಕ್ಕರೆ ಒಂದೋ ಎರಡೋ ಹಕ್ಕಿ. ಇಡೀ ದೇಶದ ಕಾಡಿನಲ್ಲಿ ಉಳಿದಿರುವುದು 150ಕ್ಕೂ ಕಡಿಮೆ ಎಂಬ ಅಂದಾಜಿದೆ. ಬೆಳಕು ಬರುತ್ತದೆ, ಮಳೆ ಬರುತ್ತದೆ, ಮೆದುಳು ಸಿದ್ಧವಾಗುತ್ತದೆ. ಕೂಗಿದರೆ ಓಗೊಡಲು ಯಾರಿದ್ದಾರೆ?

ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಸಂವರ್ಧನಾ ಕೇಂದ್ರದವರು ಒಂದು ಗಂಡಿಗೆ ಗೊಂಬೆ ಹೆಣ್ಣನ್ನು ತೋರಿಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರು. ಅದು ಗೊಂಬೆಯನ್ನು ನಿಜವೆಂದು ಒಪ್ಪಿತು. ಅದರಿಂದ ಪಡೆದ ವೀರ್ಯವನ್ನು ಇನ್ನೊಂದು ಕೇಂದ್ರದಲ್ಲಿದ್ದ ಹೆಣ್ಣಿಗೆ ಕೊಟ್ಟರು. 2024ರ ಅಕ್ಟೋಬರ್‌ನಲ್ಲಿ ಮೊಟ್ಟೆಯೊಡೆದು ಒಂದು ಮರಿ ಹೊರಬಂತು.